ಮಾತ್ರೆ ಕಳಲೆಗೆ ಬಂತು, ಮಾತು ಮೈಸೂರಲ್ಲೇ ಉಳಿಯಿತು!

ನಂಜನಗೂಡಿನ ದೇವರ ಹೆಸರು ನಂಜುಂಡ. ನಂಜನ್ನು ಉಂಡು ಅರಗಿಸಿಕೊಂಡವನು. ಕುರುಡಾಗಿದ್ದ ಆನೆಗೆ ಈ ದೇವರಿಂದ ಕಣ್ಣು ಬಂತೆಂದು ಟಿಪ್ಪು ಸುಲ್ತಾನ ಅವನನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬ ಕಥೆ ಕಪಿಲಾ ತೀರದ ಮಕ್ಕಳಿಗೂ ಗೊತ್ತು. ಹಕೀಮನಾದ ದೇವರ ಹತ್ತಿರ ಒಂದು ಅನುಕೂಲವಿದೆ. ಭಕ್ತ ಯಾವ ಭಾಷೆಯಲ್ಲಿ ಹರಕೆ ಹೊತ್ತರೂ ಆತನಿಗೆ ತಿಳಿಯುತ್ತದೆ. ಕನ್ನಡನಾಡಿನ ಆಸ್ಪತ್ರೆಯಲ್ಲಿ ಈ ಅನುಕೂಲ ಇಲ್ಲ ಸ್ವಾಮಿ! ಅಲ್ಲಿ ರೋಗ ಕನ್ನಡದ್ದು, ಔಷಧ ಇಂಗ್ಲಿಷಿನದು, ನಡುವೆ ಇರುವುದು ಬರೀ ಮೌನ.

ಈಗ ಹೇಳಹೊರಟಿರುವುದು ಸಕ್ಕರೆ ಕಾಯಿಲೆಯ ಮಾತು. ಇದು ಮುದುಕರ ಸುದ್ದಿ, ನಮಗೇಕೆ ಎಂದು ಪುಟ ತಿರುಗಿಸಬೇಡಿ, ತರುಣರೇ. ನೀವು ಬೆಂಗಳೂರಿನಲ್ಲಿ ಕೆಲಸಕ್ಕಿದ್ದೀರಿ, ನಿಮ್ಮ ಅಪ್ಪ ಅವ್ವ ಊರಲ್ಲಿದ್ದಾರೆ. ಫೋನು ಮಾಡಿದಾಗ ‘ಶುಗರ್ ವಸಿ ಜಾಸ್ತಿ ಆಗದಂತೆ ಕಣಪ್ಪ’ ಎಂಬ ಮಾತು ಕೇಳದ ಮನೆ ಎಷ್ಟಿವೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಹೊರಬಂತು. ಈ ದೇಶದಲ್ಲಿ 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿ 60 ಲಕ್ಷ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ ಎಂದು ಅದು ಲೆಕ್ಕ ಹಾಕಿತು. ಆ ಹೊಸ್ತಿಲಲ್ಲಿ ನಿಂತವರಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಬಿರಿಯಾನಿ ತಿಂದು ಮಲಗುವ ಮೂವತ್ತರ ಹುಡುಗರೂ ಇದ್ದಾರೆ!

ಹತ್ತು ಹದಿನೈದು ವರ್ಷಗಳಲ್ಲಿ ಈ ಕಾಯಿಲೆಯ ಚಿಕಿತ್ಸೆ ಪೂರಾ ಬದಲಾಗಿದೆ. ಹಿಂದೆ ಹಳ್ಳಿಯ ರೋಗಿಗೆ ಇದ್ದದ್ದು ಮೆಟ್‌ಫಾರ್ಮಿನ್, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್, ಕೊನೆಗೆ ಇನ್ಸುಲಿನ್. ಈಗ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್‌ಗಳ ಒಂದು ಗುಂಪಿದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳ ಇನ್ನೊಂದು ಗುಂಪಿದೆ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಬಂದಿವೆ. ಇವೆಲ್ಲ ಶ್ರೀಮಂತರ ಔಷಧ, ಕಳಲೆಗೆ ಬರುವುದಿಲ್ಲ ಎಂದು ಕೆಲವು ವರ್ಷಗಳ ಹಿಂದೆ ಹೇಳಬಹುದಿತ್ತು. ಇಂದು ಆ ಮಾತು ನಡೆಯುವುದಿಲ್ಲ. ವಿಲ್ಡಾಗ್ಲಿಪ್ಟಿನ್ ಮೇಲಿನ ಪೇಟೆಂಟ್ 2019ರ ಕೊನೆಗೆ ಮುಗಿಯಿತು, ಡಾಪಾಗ್ಲಿಫ್ಲೋಜಿನ್‌ನದು 2020ರಲ್ಲಿ, ಸಿಟಾಗ್ಲಿಪ್ಟಿನ್‌ನದು 2022ರಲ್ಲಿ. ಮಾತ್ರೆಗೆ ಅರವತ್ತು ರೂಪಾಯಿ ಆಸುಪಾಸಿದ್ದ ಎಂಪಾಗ್ಲಿಫ್ಲೋಜಿನ್ 2025ರ ಮಾರ್ಚ್‌ನಲ್ಲಿ ಪೇಟೆಂಟ್ ಕಳಚಿದ್ದೇ ತಡ ಹತ್ತು ರೂಪಾಯಿ ಆಸುಪಾಸಿಗೆ ಬಿತ್ತು. ಬೆಲೆಯ ಗೋಡೆ ಉರುಳಿದೆ. ನಂಜನಗೂಡಿನ ಮೆಡಿಕಲ್ ಸ್ಟೋರಿನಲ್ಲಿ, ತಿರುಮಕೂಡಲು ನರಸೀಪುರದ ಬಸ್ ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಈ ಮಾತ್ರೆಗಳು ಕೈಗೆಟುಕುತ್ತಿವೆ. ಒಳ್ಳೆಯದೇ ಆಯಿತು.

ಆದರೆ ಮಾತ್ರೆಯ ಜೊತೆಗೆ ಬರಬೇಕಾದ ತಿಳುವಳಿಕೆ ಎಲ್ಲಿ?

ಉಪವಾಸದ ದಿನ ಏನು ಮಾಡಬೇಕು?

ಒಂದೇ ಉದಾಹರಣೆ ತೆಗೆದುಕೊಳ್ಳೋಣ. ‘ಫ್ಲೋಜಿನ್’ ಎಂದು ಕೊನೆಯಾಗುವ ಮಾತ್ರೆಗಳು ಕೆಲಸ ಮಾಡುವ ಬಗೆಯೇ ಬೇರೆ. ರಕ್ತದಲ್ಲಿನ ಸಕ್ಕರೆಯನ್ನು ಮೂತ್ರಪಿಂಡ ಸಾಮಾನ್ಯವಾಗಿ ಸೋಸಿ ಮತ್ತೆ ಒಳಗೇ ಎಳೆದುಕೊಳ್ಳುತ್ತದೆ. ಈ ಮಾತ್ರೆ ಆ ಎಳೆತವನ್ನು ತಡೆಯುತ್ತದೆ. ಸಕ್ಕರೆ ಉಚ್ಚೆಯಲ್ಲಿ ಹೊರಗೆ ಹೋಗುತ್ತದೆ. ಹೃದಯ ಸೋತವರಿಗೆ, ಮೂತ್ರಪಿಂಡ ಸೋಲುತ್ತಿರುವವರಿಗೆ ಇದರಿಂದ ನಿಜಕ್ಕೂ ಒಳಿತಾಗುತ್ತದೆ ಎಂದು 2015ರಿಂದೀಚೆಗೆ ನಡೆದ ದೊಡ್ಡ ದೊಡ್ಡ ಪರೀಕ್ಷೆಗಳು ತೋರಿಸಿವೆ. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಮೈಸೂರಿಗೆ ಬಸ್ಸು ಹತ್ತುವ ಸಂಸಾರಗಳನ್ನು ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಮಾತ್ರೆಯ ಮೇಲೆ ನನಗೇನೂ ದ್ವೇಷವಿಲ್ಲ.

ಸಕ್ಕರೆ ಹೋಗುವ ದಾರಿಯಲ್ಲೇ ನೀರೂ ಹೋಗುತ್ತದೆ. ಗುಪ್ತಾಂಗದಲ್ಲಿ ತುರಿಕೆ, ಬೂಷ್ಟಿನ ಸೋಂಕು ಬರಬಹುದು. ಹಳ್ಳಿಯ ಹೆಂಗಸು ಇದನ್ನು ಯಾರಿಗೆ ಹೇಳಿಯಾಳು? ಮಾತ್ರೆಯಿಂದ ಬಂದದ್ದೆಂದು ಅವಳಿಗೆ ಮೊದಲೇ ಯಾರಾದರೂ ಹೇಳಿದ್ದರೆ ತಾನೆ? ತಾನೇ ಏನೋ ತಪ್ಪು ಮಾಡಿದೆ ಎಂದುಕೊಂಡು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಊಟ ಬಿಟ್ಟಾಗ, ವಾಂತಿಭೇದಿ ಆದಾಗ, ದೊಡ್ಡ ಜ್ವರ ಬಂದಾಗ ಈ ಮಾತ್ರೆ ನುಂಗುವವರ ರಕ್ತದಲ್ಲಿ ಆಮ್ಲ ಸೇರಿಕೊಂಡು ಜೀವಕ್ಕೇ ಸಂಚಕಾರ ಬರಬಹುದು. ಕೀಟೋಅಸಿಡೋಸಿಸ್ ಎಂದು ಇದರ ಹೆಸರು. ಅಪರೂಪ, ನಿಜ. ಆದರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರ ಮೇ ತಿಂಗಳಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ಈ ಅಪಾಯದ ವಿಶೇಷ ಏನು ಗೊತ್ತೆ? ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಅಷ್ಟೇನೂ ಏರಿರುವುದಿಲ್ಲ! ಹಳೆಯ ಪಾಠ ಕಲಿತ ನರ್ಸಮ್ಮ ಮೀಟರಿನಲ್ಲಿ 180 ನೋಡಿ, ‘ಶುಗರ್ ಏನೂ ಜಾಸ್ತಿ ಇಲ್ಲ ಕಣಮ್ಮ, ಗ್ಯಾಸ್ಟ್ರಿಕ್ ಇರಬೇಕು’ ಎಂದು ಒಂದು ಮಾತ್ರೆ ಕೊಟ್ಟು ಮನೆಗೆ ಕಳಿಸಿಬಿಡಬಹುದು. ಆಕೆ ತಪ್ಪು ಮಾಡಿದಳೆ? ಇಲ್ಲ. ಆಕೆಗೆ ಹೊಸ ಪಾಠ ಯಾರೂ ಹೇಳಿಲ್ಲ. ಹೊಟ್ಟೆನೋವು, ವಾಂತಿ, ಏದುಸಿರು ಇದ್ದು, ರೋಗಿ ಈ ಮಾತ್ರೆಯ ಮೇಲಿದ್ದರೆ, ಮೀಟರು ಏನೇ ಹೇಳಲಿ, ಕೂಡಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು. ಇಷ್ಟೇ ಮಾತು. ಕನ್ನಡದಲ್ಲಿ ಹೇಳಲು ಅರ್ಧ ನಿಮಿಷ ಬೇಕು.

ಈಗ ನಂಜನಗೂಡಿನ ಕ್ಯಾಲೆಂಡರ್ ತೆಗೆಯಿರಿ. ಶಿವರಾತ್ರಿ ಇದೆ, ಜಾಗರಣೆ ಇದೆ, ಸೋಮವಾರದ ಒಪ್ಪತ್ತು ಇದೆ, ಏಕಾದಶಿ ಇದೆ. ಬೇಸಿಗೆಯ ಬಿಸಿಲಿನಲ್ಲಿ ದೊಡ್ಡಜಾತ್ರೆ ಇದೆ, ತೇರು ಎಳೆಯುವವರೂ ಬರಿಗಾಲಲ್ಲಿ ನಡೆದು ಬರುವವರೂ ಇದ್ದಾರೆ. ಊರಿನ ಮುಸಲ್ಮಾನ ಬಂಧುಗಳಿಗೆ ಒಂದು ತಿಂಗಳ ರಂಜಾನ್ ಇದೆ. ಉಪವಾಸ ಮಾಡುವ ಮುಂಚೆ ಡಾಕ್ಟರನ್ನು ಕೇಳಿ, ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಕಡಿಮೆ ಮಾಡಬೇಕು, ಯಾವುದನ್ನು ನಿಲ್ಲಿಸಲೇಬಾರದು ಎಂದು ತಿಳಿದುಕೊಳ್ಳಿ ಎಂಬ ಒಂದು ಹಾಳೆ ಕನ್ನಡದಲ್ಲಿ ಎಷ್ಟು ಆಸ್ಪತ್ರೆಯ ಗೋಡೆಯ ಮೇಲಿದೆ? ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ಸಕ್ಕರೆ ಪಾತಾಳಕ್ಕಿಳಿದು ತಲೆ ಸುತ್ತಿ ಬೀಳುತ್ತಾರೆ. ಫ್ಲೋಜಿನ್ ಮಾತ್ರೆ ನುಂಗಿ ಊಟ ನೀರು ಎರಡೂ ಬಿಟ್ಟರೆ ಬೇರೆ ತೊಂದರೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ತಮಗೆ ತಾವೇ ಅದನ್ನು ಪೂರ್ತಿ ನಿಲ್ಲಿಸಿದರೆ ಮತ್ತೊಂದು. ಮೂರು ಔಷಧ, ಮೂರು ಬೇರೆ ಬೇರೆ ಎಚ್ಚರಿಕೆ. ರೋಗಿಗೆ ಗೊತ್ತಿರುವುದು ಇಷ್ಟು: ‘ಬಿಳೀದು ಬೆಳಿಗ್ಗೆ, ಹಳದೀದು ರಾತ್ರಿ.’ ಮುಂದಿನ ತಿಂಗಳು ಬೇರೆ ಕಂಪನಿಯ ಮಾತ್ರೆ ಬರುತ್ತದೆ. ಬಣ್ಣ ಬದಲಾಗುತ್ತದೆ. ಅಷ್ಟೂ ಜ್ಞಾನ ಅಲ್ಲಿಗೆ ಮುಗಿಯಿತು!

ಸಿರಿಂಜಿನ ಸಂಗತಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಇದು ಹಳೆಯ ಔಷಧವಾದರೂ ಹೊಸದಾಗಿ ದಿನವೂ ತಪ್ಪುತ್ತದೆ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ಟಿನದು, ಒಂದು ಮಿಲಿಲೀಟರಿಗೆ 100 ಯೂನಿಟ್ಟಿನದು. ಮೊದಲನೆಯದಕ್ಕೆ ಕೆಂಪು ಟೊಪ್ಪಿಯ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಟೊಪ್ಪಿಯದು. ನೂರರ ಇನ್ಸುಲಿನ್ನನ್ನು ನಲವತ್ತರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 20 ಯೂನಿಟ್ಟಲ್ಲ, 50! ಎರಡೂವರೆ ಪಟ್ಟು! ಈ ವ್ಯತ್ಯಾಸ ಬರೆದಿರುವುದು ಇಂಗ್ಲಿಷಿನಲ್ಲಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ. ಓದಬೇಕಾದವರು ಸಕ್ಕರೆಯಿಂದಲೇ ಕಣ್ಣು ಮಂಜಾದವರು.

ಭಾನುವಾರದ ಪಾಠಶಾಲೆ

ವೈದ್ಯರು ಓದು ನಿಲ್ಲಿಸಬಾರದು ಎಂಬ ಕಾನೂನು ಇಲ್ಲವೆ? ಇದೆ. ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನೀತಿಸಂಹಿತೆಯ ಪ್ರಕಾರ ಪ್ರತಿ ವೈದ್ಯನೂ ಐದು ವರ್ಷಕ್ಕೆ 30 ಗಂಟೆ ಮುಂದುವರಿದ ವೈದ್ಯಶಿಕ್ಷಣ ಪಡೆಯಬೇಕು. ಸಿಎಂಇ ಎಂದು ಡಾಕ್ಟರುಗಳು ಕರೆಯುವುದು ಇದನ್ನೇ. ನರ್ಸುಗಳಿಗೆ ಭಾರತೀಯ ಶುಶ್ರೂಷಾ ಪರಿಷತ್ತು ಇಟ್ಟಿರುವ ಲೆಕ್ಕ ಐದು ವರ್ಷಕ್ಕೆ 150 ಗಂಟೆ. ಫಾರ್ಮಾಸಿಸ್ಟರಿಗೆ 2015ರ ನಿಯಮಾವಳಿ ಪುನಶ್ಚೇತನ ಶಿಬಿರಗಳನ್ನು ಕಡ್ಡಾಯ ಮಾಡಿತು. ಔಷಧ ಕೊಡುವಾಗ ರೋಗಿಗೆ ವಿವರಿಸಿ ಹೇಳುವುದು ಅವರ ಕರ್ತವ್ಯ ಎಂದೂ ಅದೇ ನಿಯಮ ಹೇಳುತ್ತದೆ. ಕಾಗದದ ಮೇಲೆ ಎಲ್ಲವೂ ಅಂದವಾಗಿದೆ.

ಇನ್ನು ನಡೆಯುವ ರೀತಿ ನೋಡಿ. ಊರು ಯಾವುದಾದರೂ ಇರಲಿ, ಒಂದು ಭಾನುವಾರ, ಒಂದು ದೊಡ್ಡ ಹೋಟೆಲಿನ ಹವಾನಿಯಂತ್ರಿತ ಸಭಾಂಗಣ. ಬಾಗಿಲಲ್ಲಿ ಔಷಧ ಕಂಪನಿಯ ಬ್ಯಾನರು, ಚೀಲ, ಪೆನ್ನು. ಪರದೆಯ ಮೇಲೆ ಓಡುವ ಚಿತ್ರಗಳು. ಮಾತಾಡುವವರೂ ಕನ್ನಡಿಗರೇ, ಕೇಳುವವರಲ್ಲಿ ಮುಕ್ಕಾಲು ಪಾಲೂ ಕನ್ನಡಿಗರೇ, ಅವರೆಲ್ಲ ಸೋಮವಾರ ಬೆಳಿಗ್ಗೆ ನೋಡಲಿರುವ ರೋಗಿಗಳಂತೂ ಅಪ್ಪಟ ಕನ್ನಡಿಗರೇ. ಆದರೆ ಅಲ್ಲಿ ಕನ್ನಡ ಕೇಳಬೇಕಾದರೆ ಊಟದ ಸಾಲಿಗೆ ಹೋಗಬೇಕು. ‘ಸಾರ್, ಪಾಯಸ ಚೆನ್ನಾಗಿದೆ’ ಎಂಬಲ್ಲಿಗೆ ಕನ್ನಡದ ಪಾಲು ಮುಗಿಯುತ್ತದೆ. (ಸಕ್ಕರೆ ಕಾಯಿಲೆಯ ಸಭೆಯಲ್ಲಿ ಪಾಯಸ! ಇರಲಿ ಬಿಡಿ.)

ಡಾಕ್ಟರು ಇಂಗ್ಲಿಷಿನಲ್ಲಿ ಕಲಿಯುವುದು ಅಪರಾಧ ಎಂದು ನಾನು ಹೇಳುತ್ತಿಲ್ಲ. ಲೋಕದ ಸಂಶೋಧನೆ ಇಂಗ್ಲಿಷಿನಲ್ಲಿ ಬರುತ್ತದೆ, ಓದಲಿ. 2010ರಲ್ಲಿ ಭಾರತೀಯ ಸಾರ್ವಜನಿಕ ಆರೋಗ್ಯ ಪ್ರತಿಷ್ಠಾನವೂ ಚೆನ್ನೈನ ಡಾ. ಮೋಹನ್ ಅವರ ಸಂಸ್ಥೆಯೂ ಸೇರಿ ಮಧುಮೇಹ ಚಿಕಿತ್ಸೆಯ ಸರ್ಟಿಫಿಕೇಟ್ ಕೋರ್ಸ್ ಶುರು ಮಾಡಿದವು. ದೇಶದ ಉದ್ದಗಲಕ್ಕೂ ವೈದ್ಯರು ಕಲಿತರು. ಸಂತೋಷ. ನನ್ನ ತಕರಾರು ಇರುವುದು ಆ ಕಲಿಕೆ ಡಾಕ್ಟರ ತಲೆಯಲ್ಲೇ ನಿಂತುಬಿಡುವುದರ ಬಗ್ಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಿಗೆ ಒಬ್ಬ ರೋಗಿಯ ಮುಂದೆ ಎಷ್ಟು ನಿಮಿಷ ಸಿಗುತ್ತದೆ? ಎರಡು, ಹೆಚ್ಚೆಂದರೆ ಮೂರು. ಉಳಿದ ಮಾತು ಆಡಬೇಕಾದವರು ಯಾರು? ಇಂಜೆಕ್ಷನ್ ಕೋಣೆಯ ನರ್ಸಮ್ಮ, ಔಷಧ ಕೊಡುವ ಕಿಟಕಿಯ ಫಾರ್ಮಾಸಿಸ್ಟ್, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಮನೆಮನೆಗೆ ಬರುವ ಆಶಾ ಅಕ್ಕ. ರೋಗಿಯ ಜೊತೆ ನಿಜವಾಗಿ ಮಾತಾಡುವವರೆಲ್ಲ ಆ ಹೋಟೆಲಿನ ಹೊರಗಿದ್ದಾರೆ. ಹೊಸ ಔಷಧದ ಪಾಠ ಕಂಪನಿಯಿಂದ ಡಾಕ್ಟರಿಗೆ, ಡಾಕ್ಟರಿಂದ ಚೀಟಿಗೆ, ಚೀಟಿಯಿಂದ ಅಂಗಡಿಗೆ ಹೋಗುತ್ತದೆ. ರೋಗಿಯ ಕಿವಿ ಈ ದಾರಿಯಲ್ಲೆಲ್ಲೂ ಸಿಗುವುದಿಲ್ಲ.

ಕಂಪನಿಯ ಕಾಸಿನಲ್ಲಿ ಕಲಿಯುವುದರ ಬಗ್ಗೆ ದಿಲ್ಲಿಯಲ್ಲಿ ಬಹಳ ಚರ್ಚೆಯಾಗಿದೆ. 2009ರಲ್ಲಿ ಉಡುಗೊರೆ, ಪ್ರವಾಸ, ಆತಿಥ್ಯ ಬೇಡವೆಂದು ನಿಯಮ ಬಂತು. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ನಿಯಮ ತಂದಿತು. ಅದೇ ತಿಂಗಳ 23ರಂದು ಅದನ್ನು ತಡೆಹಿಡಿಯಲಾಯಿತು. ಮೂರು ವಾರದ ಆಯಸ್ಸು! 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧ ಕಂಪನಿಗಳಿಗೆ ಒಂದು ಸಂಹಿತೆ ಹೊರಡಿಸಿ, ಇಂಥ ಶಿಕ್ಷಣ ಸಭೆಗಳನ್ನು ವಿದೇಶದಲ್ಲಿ ನಡೆಸಬಾರದೆಂದಿತು. ದುಡ್ಡು ಯಾರದು ಎಂಬ ಜಗಳ ಸರಿಯಾದದ್ದೇ. ಪಾಠ ಯಾವ ಭಾಷೆಯದು ಎಂದು ಕೇಳುವವರು ಮಾತ್ರ ಹುಟ್ಟಲಿಲ್ಲ.

ಮೈಸೂರಿನ ತಾಯಂದಿರ ರಕ್ತ, ಇಂಗ್ಲಿಷಿನ ಕಾಗದ

ಲೋಕದ ಮಧುಮೇಹ ಸಂಶೋಧನೆಯಲ್ಲಿ ಮೈಸೂರಿನ ಹೆಸರು ದೊಡ್ಡದು. ನಮ್ಮ ಹುಡುಗರಿಗೆ ಇದು ಗೊತ್ತಿಲ್ಲ. ಮೈಸೂರಿನ ಮಿಷನ್ ಆಸ್ಪತ್ರೆ ಎಂದು ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದೀಚೆಗೆ ಹುಟ್ಟಿದ ಮಕ್ಕಳ ತೂಕದ ದಾಖಲೆಗಳನ್ನು ಜೋಪಾನವಾಗಿ ಇಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ ಅವರನ್ನು ಹುಡುಕಿ, ಹುಟ್ಟುತೂಕಕ್ಕೂ ಹೃದ್ರೋಗ, ಸಕ್ಕರೆ ಕಾಯಿಲೆಗಳಿಗೂ ಇರುವ ನಂಟನ್ನು ಸಂಶೋಧಕರು ಪತ್ತೆಹಚ್ಚಿದರು. ಆಮೇಲೆ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಪರೀಕ್ಷಿಸಿ ‘ಪಾರ್ಥೆನಾನ್’ ಎಂಬ ಅಧ್ಯಯನ ಶುರುವಾಯಿತು. ನೂರಕ್ಕೆ ಆರಕ್ಕೂ ಹೆಚ್ಚು ತಾಯಂದಿರಲ್ಲಿ ಗರ್ಭಕಾಲದ ಸಕ್ಕರೆ ಕಾಯಿಲೆ ಕಂಡುಬಂತು. ಅಂಥ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬು ಹೆಚ್ಚು, ಇನ್ಸುಲಿನ್ ಮಟ್ಟ ಹೆಚ್ಚು ಎಂದು ತಿಳಿದುಬಂತು.

ಇದು ಲೋಕಕ್ಕೆ ಹೋದ ಜ್ಞಾನ. ಬೇರೆ ಬೇರೆ ದೇಶದ ಪತ್ರಿಕೆಗಳಲ್ಲಿ ಅಚ್ಚಾಯಿತು. ಇಂಗ್ಲೆಂಡಿನ ವೈದ್ಯ ತನ್ನ ಸಿಎಂಇಯಲ್ಲಿ ಮೈಸೂರಿನ ಮಕ್ಕಳ ಬಗ್ಗೆ ಓದುತ್ತಾನೆ. ಸಂಶೋಧಕರ ಮೇಲೆ ನನಗೆ ದೂರಿಲ್ಲ, ಅವರ ಕೆಲಸ ಅವರು ಮಾಡಿದ್ದಾರೆ, ನಾಡು ಅವರಿಗೆ ಋಣಿ. ಆ ಜ್ಞಾನವನ್ನು ಮರಳಿ ಕನ್ನಡಕ್ಕೆ ತರಬೇಕಾದ ಕೆಲಸ ಸರ್ಕಾರದ್ದು, ವಿಶ್ವವಿದ್ಯಾಲಯದ್ದು. ಕಳಲೆಯ ಒಬ್ಬ ಬಾಣಂತಿಗೆ ಬಸಿರಿನಲ್ಲಿ ಶುಗರ್ ಇತ್ತು ಅನ್ನಿ. ಹೆರಿಗೆಯಾಯಿತು, ಶುಗರ್ ಇಳಿಯಿತು, ಎಲ್ಲರೂ ಮರೆತರು. ಆಕೆಗೆ ಮುಂದೆ ಕಾಯಿಲೆ ಬರುವ ಸಂಭವ ಹೆಚ್ಚು, ಮತ್ತೆ ಮತ್ತೆ ಪರೀಕ್ಷೆ ಮಾಡಿಸಬೇಕು, ಮಗುವಿನ ಮೈತೂಕದ ಮೇಲೂ ಕಣ್ಣಿಡಬೇಕು ಎಂದು ಆಶಾ ಅಕ್ಕನಿಗೆ ಕನ್ನಡದಲ್ಲಿ ಕೂರಿಸಿ ಹೇಳಿಕೊಟ್ಟವರು ಯಾರು? ರಕ್ತ ಕೊಟ್ಟದ್ದು ನಮ್ಮ ತಾಯಂದಿರು. ಫಲ ಮೊದಲು ಉಣ್ಣಬೇಕಾದವರೂ ಅವರೇ ಅಲ್ಲವೆ?

ಆಶಾ ಕಾರ್ಯಕರ್ತೆಯರ ತರಬೇತಿ ಕನ್ನಡದಲ್ಲೇ ನಡೆಯುತ್ತದೆ, ಒಪ್ಪಿದೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಕೋಲಾರದಲ್ಲಿ ‘ಗೃಹ ಆರೋಗ್ಯ’ ಶುರು ಮಾಡಿ, 2025ರಲ್ಲಿ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಮೂವತ್ತು ದಾಟಿದವರ ಮನೆಗೆ ಹೋಗಿ ಬಿಪಿ, ಶುಗರ್ ನೋಡುವ ಯೋಜನೆ. ಪಕ್ಕದ ತಮಿಳುನಾಡು ಇಂಥದೇ ಕೆಲಸವನ್ನು 2021ರ ಆಗಸ್ಟ್‌ನಲ್ಲಿ, ಅದೂ ನಮ್ಮ ಗಡಿಗೆ ಅಂಟಿದ ಕೃಷ್ಣಗಿರಿ ಜಿಲ್ಲೆಯಲ್ಲಿ ಶುರು ಮಾಡಿತ್ತು. ಮೂರು ವರ್ಷ ತಡವಾದರೂ ನಮ್ಮವರು ಮಾಡಿದರಲ್ಲ, ಭೇಷ್. ಆದರೆ ಎಣಿಸುವುದಕ್ಕೂ ತಿಳಿಸುವುದಕ್ಕೂ ವ್ಯತ್ಯಾಸವಿದೆ. ಬೆರಳು ಚುಚ್ಚಿ ಅಂಕಿ ಬರೆದುಕೊಂಡು ಹೋದರೆ ಗಣತಿಯಾಗುತ್ತದೆ. ‘ಈ ಮಾತ್ರೆ ನುಂಗುತ್ತಿದ್ದೀರಲ್ಲ ಅತ್ತೆ, ವಾಂತಿಭೇದಿ ಆದರೆ ಏನು ಮಾಡ್ತೀರಿ?’ ಎಂದು ಆಶಾ ಅಕ್ಕ ಕೇಳಲು ಶುರು ಮಾಡಿದ ದಿನ ಅದು ಚಿಕಿತ್ಸೆಯಾಗುತ್ತದೆ.

‘ಕನ್ನಡದಲ್ಲಿ ಸಾಧ್ಯವಿಲ್ಲ ಸಾರ್!’

ಈ ಮಾತು ಹೇಳುವ ಮಹನೀಯರು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ. ವೈದ್ಯವಿಜ್ಞಾನ ಹೇಳುವ ಶಕ್ತಿ ಕನ್ನಡಕ್ಕಿಲ್ಲವಂತೆ!

ಸುಮಾರು 1150ರ ಹೊತ್ತಿಗೆ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ ಬರೆದ. ದನಕರುಗಳ ವೈದ್ಯಕ್ಕೇ ಕೀರ್ತಿವರ್ಮನ ‘ಗೋವೈದ್ಯ’ ಇತ್ತು. ಹದಿನಾಲ್ಕನೇ ಶತಮಾನದಲ್ಲಿ ಮಂಗರಾಜ ವಿಷಚಿಕಿತ್ಸೆಯ ಮೇಲೆ ‘ಖಗೇಂದ್ರಮಣಿದರ್ಪಣ’ ಬರೆದ. ಇನ್ನು ಈ ಕಳಲೆಯನ್ನೇ ನೋಡಿ. ಮೈಸೂರು ಅರಸರಿಗೆ ದಳವಾಯಿಗಳನ್ನು ಕೊಟ್ಟ ಊರು. ಲಕ್ಷ್ಮೀಕಾಂತನ ಗುಡಿ ಇಂದಿಗೂ ಅಲ್ಲಿ ನಿಂತಿದೆ. ಹದಿನೆಂಟನೇ ಶತಮಾನದ ಕಳಲೆ ನಂಜರಾಜ ರಾಜ್ಯದ ಲಗಾಮು ಹಿಡಿದವನು, ಹಾಗೆಯೇ ಸಂಸ್ಕೃತದಲ್ಲಿ ಬೀಗ ಹಾಕಿಟ್ಟಿದ್ದ ಪುರಾಣಗಳನ್ನು ಕನ್ನಡ ಗದ್ಯಕ್ಕೆ ತಂದವನು. ಅದೇ ಮನೆತನದ ವೀರರಾಜನ ಹೆಸರಿನಲ್ಲಿ ‘ಸಕಲವೈದ್ಯಸಂಹಿತಾಸಾರಾರ್ಣವ’ ಎಂಬ ವೈದ್ಯಗ್ರಂಥವಿದೆ. ಕತ್ತಿ ಹಿಡಿದ ದಳವಾಯಿಗಳಿಗೆ ಇದ್ದ ಕಾಳಜಿ ಸ್ಟೆತಾಸ್ಕೋ‌ಪು ಹಿಡಿದ ನಮ್ಮ ದೊರೆಗಳಿಗೆ ಬೇಡವೆ?

ಹಳೆಯದು ಬೇಡ, ನಮ್ಮ ಕಾಲದ್ದೇ ನೋಡಿ. ಡಾ. ಎಂ. ಶಿವರಾಂ ‘ಕೊರವಂಜಿ’ ನಡೆಸುತ್ತಲೇ ರೋಗಿಗಳನ್ನು ನೋಡಿದರು. ಡಾ. ಅನುಪಮಾ ನಿರಂಜನ ಬಸಿರು ಬಾಣಂತನದ ವಿಷಯಗಳನ್ನು ಸಂಕೋಚವಿಲ್ಲದ ಕನ್ನಡದಲ್ಲಿ ಬರೆದು ಎರಡು ತಲೆಮಾರಿನ ಹೆಂಗಸರಿಗೆ ಧೈರ್ಯ ಕೊಟ್ಟರು. ಕಲಬುರಗಿಯ ಡಾ. ಪಿ.ಎಸ್. ಶಂಕರ್, ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್, ಡಾ. ನಾ. ಸೋಮೇಶ್ವರ ಇವರೆಲ್ಲ ಕನ್ನಡದಲ್ಲಿ ಬರೆದ ವೈದ್ಯಪುಸ್ತಕಗಳನ್ನು ಜೋಡಿಸಿದರೆ ಒಂದು ಕೋಣೆ ತುಂಬುತ್ತದೆ. ಶಕ್ತಿ ಇಲ್ಲದ್ದು ಭಾಷೆಗಲ್ಲ.

ಇಲ್ಲಿ ನಮ್ಮ ಪಂಡಿತರಿಗೂ ಒಂದು ಮಾತು ಹೇಳಲೇಬೇಕು. ‘ಸೋಡಿಯಂ-ಗ್ಲೂಕೋಸ್ ಸಹವಾಹಕ ಪ್ರತಿಬಂಧಕ’ ಎಂದು ಬರೆದು ಇದೇ ಕನ್ನಡ ಎಂದು ಕೊಟ್ಟರೆ ರೋಗಿಯೂ ಓಡುತ್ತಾನೆ, ನರ್ಸಮ್ಮನೂ ಓಡುತ್ತಾಳೆ. ‘ಸಕ್ಕರೆಯನ್ನು ಉಚ್ಚೆಯಲ್ಲಿ ಕಳಿಸುವ ಮಾತ್ರೆ’ ಅನ್ನಿ, ಸಾಕು. ಮಾತ್ರೆಯ ಹೆಸರು ಇಂಗ್ಲಿಷಿನದೇ ಇರಲಿ, ಕನ್ನಡ ಅಕ್ಷರದಲ್ಲಿ ಬರೆಯಿರಿ. ಇನ್ಸುಲಿನ್, ಮೀಟರ್, ಡೋಸ್ ಎಲ್ಲ ಈಗಾಗಲೇ ಕನ್ನಡದ ಮನೆಯ ಮಾತುಗಳು.

ಎಸ್ಟೋನಿಯಾಕ್ಕೆ ಇರುವ ಮರ್ಯಾದೆ

ಸೆಮಾಗ್ಲುಟೈಡ್ ಕಂಡುಹಿಡಿದದ್ದು ಡೆನ್ಮಾರ್ಕಿನ ಕಂಪನಿ. ಡೆನ್ಮಾರ್ಕಿನ ಇಡೀ ಜನಸಂಖ್ಯೆ ಸುಮಾರು 60 ಲಕ್ಷ, ನಮ್ಮ ಬೆಂಗಳೂರಿಗಿಂತ ಕಡಿಮೆ. ಐರೋಪ್ಯ ಒಕ್ಕೂಟದ 2001ರ ಔಷಧ ನಿರ್ದೇಶನದ ಪ್ರಕಾರ ಔಷಧದ ಡಬ್ಬಿಯೊಳಗಿನ ತಿಳಿವಳಿಕೆ ಹಾಳೆ ಅದು ಮಾರಾಟವಾಗುವ ದೇಶದ ಅಧಿಕೃತ ಭಾಷೆಯಲ್ಲೇ ಇರಬೇಕು. ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ ಇರುವವರು ಸುಮಾರು 13 ಲಕ್ಷ ಜನ. ಮೈಸೂರು ಜಿಲ್ಲೆಯೊಂದರಲ್ಲೇ 2011ರ ಜನಗಣತಿಯ ಪ್ರಕಾರ 30 ಲಕ್ಷ ಜನರಿದ್ದರು. ನಮ್ಮ ಜಿಲ್ಲೆಯ ಅರ್ಧದಷ್ಟೂ ಇಲ್ಲದ ದೇಶದ ಅಜ್ಜಿ ತನ್ನ ಇಂಜೆಕ್ಷನ್ನಿನ ಹಾಳೆಯನ್ನು ತನ್ನ ಭಾಷೆಯಲ್ಲಿ ಓದುತ್ತಾಳೆ. ಅದೇ ಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಅವರಿಗೆ ಏನು ಸಿಕ್ಕಿದೆ?

ಕೇಂದ್ರದ ಜನೌಷಧಿ ಅಂಗಡಿಗೆ ಹೋಗಿ ಒಂದು ಮೆಟ್‌ಫಾರ್ಮಿನ್ ಸ್ಟ್ರಿಪ್ ಕೈಗೆ ತೆಗೆದುಕೊಳ್ಳಿ. ಇಂಗ್ಲಿಷ್ ಇದೆ, ಹಿಂದಿ ಇದೆ. ಅಷ್ಟು ಚಿಕ್ಕ ಜಾಗದಲ್ಲಿ ಹಿಂದಿಗೆ ಸ್ಥಳ ಸಿಕ್ಕಿತು, ಕನ್ನಡಕ್ಕೆ ಸಿಗಲಿಲ್ಲ! ಅಗ್ಗದ ಔಷಧ ಕೊಡುವುದು ಪುಣ್ಯದ ಕೆಲಸ. ಆ ಪುಣ್ಯದ ಪೊಟ್ಟಣದಲ್ಲಿ ಹಿಂದಿ ಹೇರಿಕೆ ಸೇರಿಸುವುದು ಯಾಕೆ? ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಗಳ ಮೂಲವಸ್ತು ತಯಾರಾಗಿ ಹಡಗು ಹತ್ತಿ ಹೋಗುತ್ತದೆ. ಅಲ್ಲಿ ಪಾಳಿ ಮುಗಿಸಿ ಬರುವ ನಮ್ಮ ಹುಡುಗ ಮನೆಗೆ ಬಂದು ತನ್ನ ತಾಯಿಯ ಮಾತ್ರೆಯ ಹೆಸರನ್ನು ಅವಳಿಗೆ ಓದಿ ಹೇಳಬೇಕು. ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಆದೇಶ ಮಾಡಿತು. ಸೋಪು, ಬಿಸ್ಕತ್ತಿಗಿಂತ ಮೊದಲು ಇದು ಔಷಧಕ್ಕೆ ಜಾರಿಯಾಗಬೇಕು. ಬಿಸ್ಕತ್ತನ್ನು ತಪ್ಪಾಗಿ ತಿಂದವರು ಯಾರೂ ಆಸ್ಪತ್ರೆ ಸೇರಿಲ್ಲ.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಕೂಡಲೇ ನಾಡಿನ ಹಲವು ಡಾಕ್ಟರುಗಳು ತಾವಾಗಿಯೇ ಕನ್ನಡದಲ್ಲಿ ಚೀಟಿ ಬರೆದು ತೋರಿಸಿದರು. ಯಾವ ಆಕಾಶವೂ ಕಳಚಿ ಬೀಳಲಿಲ್ಲ, ಯಾವ ಅಂಗಡಿಯವನೂ ಓದಲಾರೆ ಎನ್ನಲಿಲ್ಲ. ಆ ಡಾಕ್ಟರುಗಳಿಗೆ ನಮ್ಮ ಸಲಾಂ. ಆದರೆ ಚೀಟಿಯ ಮೇಲಿನ ಕನ್ನಡ ಬಾಗಿಲು ಮಾತ್ರ. ‘ದಿನಕ್ಕೆ ಒಂದು, ಊಟದ ನಂತರ’ ಎಂಬುದರಾಚೆಗೆ ಏಕೆ, ಯಾವಾಗ ಬೇಡ, ಏನಾದರೆ ಓಡಿ ಬರಬೇಕು ಎಂಬುದನ್ನು ಹೇಳಲು ಡಾಕ್ಟರಿಗೂ ನರ್ಸಿಗೂ ಅಭ್ಯಾಸ ಬೇಕು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿ ಬರೆಯಬಹುದು. 2019ರ ಹೊಸ ಪಠ್ಯಕ್ರಮದಲ್ಲಿ ಮೊದಲ ತಿಂಗಳು ಸ್ಥಳೀಯ ಭಾಷೆ ಕಲಿಸಬೇಕೆಂದೂ ಇದೆ. ಅಲ್ಲಿ ‘ಎಲ್ಲಿ ನೋವು, ಎಷ್ಟು ದಿನದಿಂದ’ ಎಂಬಷ್ಟು ಕಲಿತರೆ ಹೆಚ್ಚು. ಆಮೇಲೆ ನಿವೃತ್ತಿಯ ತನಕ ಕನ್ನಡದ ಒಂದು ಗಂಟೆಯ ಪಾಠವೂ ಕಡ್ಡಾಯವಿಲ್ಲ.

ದಿಲ್ಲಿಗೆ ಹೋಗಬೇಕಿಲ್ಲ

ಬೇಕಾದದ್ದು ಬಹಳ ಸಣ್ಣದು. ಕರ್ನಾಟಕ ವೈದ್ಯಕೀಯ ಪರಿಷತ್ತು 1961ರ ನಮ್ಮದೇ ರಾಜ್ಯದ ಕಾಯಿದೆಯಿಂದ ಹುಟ್ಟಿದ ಸಂಸ್ಥೆ. ಇಲ್ಲಿನ ಸಿಎಂಇಗಳಿಗೆ ಅಂಕ ಕೊಡುವುದು ಅದೇ. ಐದು ವರ್ಷದ 30 ಗಂಟೆಯಲ್ಲಿ 5 ಗಂಟೆ ಕನ್ನಡದಲ್ಲಿ ಇರಲಿ ಎಂದು ಅದು ಹೇಳಲಿ. ಆ 5 ಗಂಟೆಯಲ್ಲಿ ಪರದೆಯ ಭಾಷಣ ಬೇಡ. ಒಬ್ಬ ಡಾಕ್ಟರು ಎದ್ದು ನಿಂತು ಒಂದು ಹೊಸ ಮಾತ್ರೆಯನ್ನು ನಾಲ್ಕು ನಿಮಿಷದಲ್ಲಿ ಕಳಲೆಯ ರೈತನಿಗೆ ವಿವರಿಸುವಂತೆ ವಿವರಿಸಲಿ. ಎದುರಿಗೆ ನರ್ಸುಗಳು, ಫಾರ್ಮಾಸಿಸ್ಟರು, ಆಶಾ ಕಾರ್ಯಕರ್ತೆಯರು ಕೂತು ಪ್ರಶ್ನೆ ಕೇಳಲಿ. ‘ಸಾರ್, ಶಿವರಾತ್ರಿ ದಿನ ಏನು ಹೇಳೋದು?’ ಎಂದು ಒಬ್ಬಳು ಕೇಳಿದರೆ ಆ ಸಭಾಂಗಣದಲ್ಲಿ ಎಷ್ಟು ಜನರ ಬಳಿ ಉತ್ತರವಿದೆ ಎಂಬುದು ಅಲ್ಲೇ ಬಯಲಾಗುತ್ತದೆ!

ಪಾಠದ ಹೊತ್ತಿಗೆ ಹೋಟೆಲು ಬೇಡ. ನಂಜನಗೂಡು, ನರಸೀಪುರದ ತಾಲ್ಲೂಕು ಆಸ್ಪತ್ರೆಗಳಲ್ಲೇ ನಡೆಯಲಿ. 1924ರಲ್ಲಿ ಹುಟ್ಟಿದ ಮೈಸೂರು ವೈದ್ಯಕೀಯ ಕಾಲೇಜಿಗೆ ನೂರು ವರ್ಷ ತುಂಬಿದೆ. ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ಜೆಎಸ್ಎಸ್ ವೈದ್ಯಕೀಯ ಕಾಲೇಜು ಅದೇ ಮೈಸೂರಿನಲ್ಲಿದೆ. ಬೆಂಗಳೂರಿನಲ್ಲಿ ಸರ್ಕಾರದ್ದೇ ಮಧುಮೇಹ ಸಂಸ್ಥೆ ಇದೆ, 1996ರಿಂದ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಇದೆ. ಪಾಠ ಹೇಳುವವರಿಗೆ ಬರವಿಲ್ಲ. ಒಂದೊಂದು ಹೊಸ ಔಷಧಕ್ಕೂ ಒಂದೊಂದು ಹಾಳೆ, ದೊಡ್ಡ ಅಕ್ಷರ, ಚಿತ್ರ, ಉಪವಾಸಕ್ಕೆ ಒಂದು ಸಾಲು, ವಾಂತಿಭೇದಿಗೆ ಒಂದು ಸಾಲು. ಅಚ್ಚು ಮಾಡಲು ಎಷ್ಟು ಖರ್ಚು? ಒಂದು ಸಚಿವರ ಹುಟ್ಟುಹಬ್ಬದ ಫ್ಲೆಕ್ಸಿಗಿಂತ ಕಡಿಮೆ.

ಜಪಾನಿನಲ್ಲಿ ನರ್ಸು, ಫಾರ್ಮಾಸಿಸ್ಟ್, ಆಹಾರ ತಜ್ಞರಿಗೆ ಮಧುಮೇಹ ಬೋಧಕರೆಂಬ ಪ್ರತ್ಯೇಕ ಅರ್ಹತೆ ಇದೆ. ಕಲಿಯುವುದೂ ಪರೀಕ್ಷೆ ಬರೆಯುವುದೂ ಜಪಾನಿ ಭಾಷೆಯಲ್ಲಿ. ಕರ್ನಾಟಕದ ಶುಶ್ರೂಷಾ ಪರಿಷತ್ತು, ಫಾರ್ಮಸಿ ಪರಿಷತ್ತುಗಳು ಮನಸ್ಸು ಮಾಡಿದರೆ ಇದೂ ಆಗದ ಕೆಲಸವಲ್ಲ.

ಬೋರ್ಡಿಗೆ ಮಸಿ ಬಳಿಯುವುದು ಒಂದು ದಿನದ ಕೆಲಸ ಗೆಳೆಯರೇ, ಮಾರನೆಯ ದಿನದ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಈ ಕೆಲಸಕ್ಕೆ ಫೋಟೋ ಸಿಗುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಅವ್ವನ ಔಷಧದ ಡಬ್ಬಿ ತೆರೆಯಿರಿ. ಪ್ರತಿ ಮಾತ್ರೆಯ ಹೆಸರನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಅವ್ವನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋಗಿ ಒಂದೊಂದಕ್ಕೂ ಮೂರು ಪ್ರಶ್ನೆ ಕೇಳಿ: ಇದು ಯಾತಕ್ಕೆ, ಉಪವಾಸ ಇದ್ದರೆ ಏನು ಮಾಡಬೇಕು, ಏನಾದರೆ ಓಡಿ ಬರಬೇಕು? ನೀವಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಉತ್ತರ ಬಂದರೆ ಆ ಡಾಕ್ಟರಿಗೆ ಕೈ ಮುಗಿಯಿರಿ, ಕಾಗದ ಗೋಡೆಗೆ ಅಂಟಿಸಿ. ‘ಅದೆಲ್ಲ ನಿಮಗೆ ಗೊತ್ತಾಗಲ್ಲ’ ಎಂಬ ಉತ್ತರ ಬಂದರೆ ಆ ಮಾತನ್ನೂ ಇದ್ದಹಾಗೇ ಬರೆದುಕೊಳ್ಳಿ.

ಆಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಒಂದು ಕಾಗದ ಹಾಕಿ. 30 ಗಂಟೆಯಲ್ಲಿ ಕನ್ನಡದ ಗಂಟೆ ಎಷ್ಟು ಎಂದು ಕೇಳಿ. ಮಾಹಿತಿ ಹಕ್ಕು ಕಾಯಿದೆ 2005ರಿಂದ ನಿಮ್ಮ ಕೈಯಲ್ಲಿದೆ, ಹತ್ತು ರೂಪಾಯಿಯ ಅರ್ಜಿ ಸಾಕು. ಅರ್ಜಿ ಕನ್ನಡದಲ್ಲಿರಲಿ, ಉತ್ತರವೂ ಕನ್ನಡದಲ್ಲೇ ಬರಬೇಕೆಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ.